ಇಲ್ಲೇ ಐತಿ, ಬರ್ರಿ

ನಮ್ಮ ವಿಜಯಪುರ ಸೀಮೆಯಲ್ಲಿ ದೂರ ಎನ್ನುವುದು ಕಣ್ಣಿಗೆ ಕಾಣುತ್ತದೆ. ಅಡ್ಡ ಬರುವುದಕ್ಕೆ ಏನೂ ಇಲ್ಲ. ಎರಿ ಹೊಲ, ಅದರಾಚೆ ಇನ್ನೊಂದು ಎರಿ ಹೊಲ, ನಡುವೆ ಒಂದು ಬನ್ನಿಗಿಡವೋ ಜಾಲಿಗಿಡವೋ, ಆಮೇಲೆ ಆಕಾಶ. ಬಬಲೇಶ್ವರದಲ್ಲಿ ನಾನು ಸಣ್ಣವನಿದ್ದಾಗ, ದೂರದ ಬದುವಿನ ಮೇಲೆ ಅಪ್ಪನ ಪಟಕಾ ಕಂಡ ಮೇಲೆಯೇ ಅವ್ವ ಒಲೆಗೆ ಉರಿ ಹಾಕುತ್ತಿದ್ದಳು. ಅಪ್ಪ ಬಂದು ಕೈಕಾಲು ತೊಳೆದು ಕೂಡುವುದಕ್ಕೂ ಮೊದಲ ರೊಟ್ಟಿ ಹಂಚಿನಿಂದ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಈಗಲೂ ಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವವರನ್ನು ನೋಡಿ. ಗೋಳಗುಮ್ಮಟ ಕಂಡಿತೆಂದು ಎದ್ದು ಚೀಲ ಇಳಿಸಿಕೊಂಡವರು ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಎಷ್ಟೋ ಹೊತ್ತು ಕೂತಿರಬೇಕಾಗುತ್ತದೆ. 1656ರಲ್ಲಿ ಮುಗಿದ ಆ ಗುಮ್ಮಟದ ಹೊರ ಅಡ್ಡಳತೆ ಸುಮಾರು 44 ಮೀಟರು. ಮುಹಮ್ಮದ್ ಆದಿಲ್‌ಶಾಹ ಅಷ್ಟು ದೊಡ್ಡದನ್ನು ಯಾಕೆ ಕಟ್ಟಿಸಿದನೆಂದು ಇತಿಹಾಸಕಾರರು ಏನೇ ಹೇಳಿಕೊಳ್ಳಲಿ, ನನಗೆ ಅನುಮಾನವಿಲ್ಲ. ಇಷ್ಟು ಸಪಾಟ ನೆಲದಲ್ಲಿ ಕಣ್ಣು ನಿಲ್ಲುವುದಕ್ಕೆ ಒಂದು ಗುಡ್ಡ ಬೇಕಿತ್ತು. ದೇವರು ಕೊಡಲಿಲ್ಲ, ದೊರೆ ಕೊಟ್ಟ.

ಹೀಗೆ ನೆಮ್ಮದಿಯಾಗಿದ್ದ ನಮ್ಮ ಆಫೀಸಿಗೆ ಶಿರಸಿ ಕಡೆಯ ಹೆಗಡೆಯವರು ವರ್ಗವಾಗಿ ಬಂದರು. ಬಂದ ದಿನವೇ ಕಿಟಕಿಯಿಂದ ಹೊರಗೆ ನೋಡಿ, ಏನೋ ಕಳೆದುಕೊಂಡವರ ಹಾಗೆ ಕೇಳಿದರು:

“ಇಲ್ಲಿ ಗುಡ್ಡ ಯಾವ ಕಡೆಗೆ ಬರ್ತದೆ ಮಾರಾಯ್ರೆ?”

“ಯಾವ ಗುಡ್ಡ?”

“ಯಾವುದಾದ್ರೂ.”

ಉತ್ತರ ಕೊಡುವುದಕ್ಕೆ ನನಗೆ ಒಂದು ವಾರ ಬೇಕಾಯಿತು. ಹುಡುಕಿ ತೆಗೆದೆ. ನಮ್ಮೂರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರು ಎತ್ತರದಲ್ಲಿದೆ. ಅವರ ಶಿರಸಿಯೂ ಹೆಚ್ಚುಕಡಿಮೆ ಅಷ್ಟೇ. “ನಾವೂ ಗುಡ್ಡದ ಮ್ಯಾಲೇ ಅದೀವಿ ಹೆಗಡೆಯವರ, ಅಂಚು ಕಾಣೂದಿಲ್ಲ ಅಷ್ಟ,” ಅಂದೆ. ಅವರು ನಕ್ಕರು. ಆ ನಗೆಯಲ್ಲಿ ಮಲೆನಾಡಿನವರು ಬಯಲುಸೀಮೆಯವರ ಮೇಲೆ ತೋರಿಸುವ ಒಂದು ಬಗೆಯ ಕರುಣೆ ಇತ್ತು. ಬಿಸಿಲು, ಉಪ್ಪುನೀರು, ಖಾರ, ಇವುಗಳಿಗೆ ತೋರಿಸುವ ಕರುಣೆಯನ್ನು ನಾವು ಸಹಿಸಿಕೊಂಡಿದ್ದೇವೆ. ಕಾಲಿನ ಬಗ್ಗೆ ತೋರಿಸಿದರೆ ಸಿಟ್ಟು ಬರುತ್ತದೆ. ಅದೇ ಹೊತ್ತಿಗೆ ಡಾಕ್ಟರು ನನ್ನ ಶುಗರ್ ರಿಪೋರ್ಟು ನೋಡಿ “ನಡೀರಿ, ಬರೇ ನಡೀರಿ” ಅಂದಿದ್ದರು. ನಡೆಯುವುದಾದರೆ ಮೇಲಕ್ಕೇ ನಡೆಯೋಣ ಎಂದು ಜಿದ್ದು ಹುಟ್ಟಿತು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರು ಎಂದು ಓದಿ ಅದನ್ನು ಮುಂದಿನ ವರ್ಷಕ್ಕೆ ಇಟ್ಟೆ.

ತಾಲೀಮು ಊರೊಳಗೇ ಶುರುವಾಯಿತು. ನಮ್ಮಲ್ಲಿ ಉಪ್ಪಲಿ ಬುರುಜು ಇದೆ, 1584ರ ಸುಮಾರಿಗೆ ಹೈದರ್‌ಖಾನ ಕಟ್ಟಿಸಿದ್ದು, 80 ಅಡಿಯ ಆಸುಪಾಸಿನ ಎತ್ತರ. ಮೆಟ್ಟಿಲು ಹೊರಮೈಯನ್ನೇ ಸುತ್ತಿಕೊಂಡು ಹೋಗುತ್ತವೆ. ಮೇಲೆ ಉದ್ದನೆಯ ತೋಪುಗಳು ಬಿಸಿಲು ಕಾಯುತ್ತ ಮಲಗಿವೆ. ಬೆಳಿಗ್ಗೆ ಅಲ್ಲಿ ಓದಲು ಬರುವ ಹುಡುಗರು ನನ್ನನ್ನು ಎರಡು ದಿನ ನೋಡಿ, ಮೂರನೆಯ ದಿನ “ಅಂಕಲ್, ಏನರ ಕಳಕೊಂಡೀರೇನ್ರಿ?” ಎಂದು ಕೇಳಿದರು. ಹತ್ತುವುದು, ತೋಪಿನ ಮುಂದೆ ಐದು ನಿಮಿಷ ಏದುಸಿರು ಬಿಡುವುದು, ಇಳಿಯುವುದು, ಮತ್ತೆ ಹತ್ತುವುದು: ಬೇರೆ ಯಾವ ಕಾರಣಕ್ಕೆ ಒಬ್ಬ ಮನುಷ್ಯ ಹೀಗೆ ಮಾಡಿಯಾನು?

ಗೋಳಗುಮ್ಮಟದ ಮೂಲೆಗೋಪುರ ಅದಕ್ಕಿಂತ ಕಠಿಣ. ಏಳು ಅಂತಸ್ತು, ಇಕ್ಕಟ್ಟಿನ ಸುತ್ತುಮೆಟ್ಟಿಲು, ಸವೆದ ಕಲ್ಲು. ಶಾಲಾ ಪ್ರವಾಸದ ಮಕ್ಕಳು ಎರಡೂ ಪಕ್ಕದಿಂದ ನುಗ್ಗುತ್ತವೆ. ಅವಕ್ಕೆ ಮೇಲೆ ಹೋಗಿ ಕೂಗುವ ಅವಸರ. ಆದರೆ ಒಂದು ಸುಖವಿದೆ. ಅಂತಸ್ತಿಗೊಂದು ಕಿಂಡಿ, ಕಿಂಡಿಗೊಂದು ಗಾಳಿ. ಎಷ್ಟು ಬಂದೆ, ಎಷ್ಟು ಉಳಿಯಿತು ಎಂಬ ಲೆಕ್ಕ ತಪ್ಪುವುದಿಲ್ಲ. ಇದೇ ಲೆಕ್ಕ ಗುಡ್ಡಕ್ಕೂ ನಡೆಯುತ್ತದೆ ಎಂದುಕೊಂಡಿದ್ದೆ.

ಟಿಕೋಟಾಕ್ಕೆ ದತ್ತು ಹೋದ ನಮ್ಮ ಕಾಕಾ ಒಬ್ಬರಿದ್ದಾರೆ. ಎಪ್ಪತ್ತು ಸಮೀಪಿಸಿದೆ. ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು, ಬೋರ್‌ವೆಲ್ಲಿನ ಚಿಂತೆ, ಇಷ್ಟರಲ್ಲೇ ಮುಳುಗಿರುವ ಮನುಷ್ಯ. ಗುಡ್ಡ ಹತ್ತಲು ಹೊರಟ ಸುದ್ದಿ ಕೇಳಿ ಒಂದು ಪ್ರಶ್ನೆ ಹಾಕಿದರು.

“ಮ್ಯಾಲ ಯಾವ ದೇವರು ಐತಿ?”

“ದೇವರಿಲ್ಲ ಕಾಕಾ. ಸುಮ್ಮ ಹತ್ತಿ ಇಳಿಯೂದು.”

“ದೇವರಿಲ್ಲ, ಜಾತ್ರಿ ಇಲ್ಲ, ಹೊಲಾ ಇಲ್ಲ. ಮತ್ಯಾಕ ಹತ್ತತಿ ತಮ್ಮಾ, ದನಾ ತಪ್ಪಿಸಿಕೊಂಡಾವೇನು?”

ಈ ಪ್ರಶ್ನೆಗೆ ಜಗತ್ತಿನ ದೊಡ್ಡ ದೊಡ್ಡ ಪರ್ವತಾರೋಹಿಗಳೇ ಸರಿಯಾದ ಉತ್ತರ ಕೊಟ್ಟಿಲ್ಲ. ನಾನು ಜಾಗ ಬದಲಿಸಿದೆ. ಬಾದಾಮಿಯಿಂದ ಗುಡ್ಡ ಹತ್ತಿ, ಆಚೆ ಇಳಿದರೆ ಮಹಾಕೂಟ. ಐದಾರು ಕಿಲೋಮೀಟರಿನ ಹಳೆಯ ಕಾಲುದಾರಿ. ಕೊನೆಗೆ ಮಹಾಕೂಟೇಶ್ವರನಿದ್ದಾನೆ, ಮೀಯಲು ಪುಷ್ಕರಣಿ ಇದೆ. ದೇವರ ಹೆಸರು ಬಿದ್ದ ಕೂಡಲೇ ಕಾಕಾ “ಹಂಗಾರ ನಾನೂ ಬರ್ತೀನಿ” ಅಂದರು.

ನಾನು ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂಬ ಭ್ರಮೆ ಆಗ ನನಗಿತ್ತು. ಸತ್ಯವೆಂದರೆ ಕಾಕಾ ಹೋಳಿ ಹುಣ್ಣಿವೆ ಮುಗಿಯುತ್ತಲೇ ಮಲ್ಲಯ್ಯನ ಕಂಬಿಯ ಹಿಂದೆ ಶ್ರೀಶೈಲಕ್ಕೆ ನಡೆದು ಹೋಗುವವರ ಪೈಕಿ. ಯುಗಾದಿಯ ಹೊತ್ತಿಗೆ ನಮ್ಮ ಜಿಲ್ಲೆಯಿಂದ, ಬಾಗಲಕೋಟೆಯಿಂದ, ಬೆಳಗಾವಿಯಿಂದ, ಸೊಲ್ಲಾಪುರದಿಂದ ಸಾವಿರಾರು ಜನ ಹೀಗೆ ಹೊರಡುತ್ತಾರೆ. ನಾಲ್ಕುನೂರು ಕಿಲೋಮೀಟರಿಗೂ ಮೇಲ್ಪಟ್ಟ ಹಾದಿ. ಆತ್ಮಕೂರು ದಾಟಿ ನಲ್ಲಮಲದ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು. ಆಮೇಲೆ ಭೀಮನ ಕೊಳ್ಳಕ್ಕೆ ಇಳಿದು, ಕೈಲಾಸ ಬಾಗಿಲಿಗೆ ಹತ್ತಬೇಕು. ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ಹಾದಿಯುದ್ದಕ್ಕೂ ದಾಸೋಹ, ಗುರುತಿಲ್ಲದ ಜನ ಕೂಡಿಸಿ, ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು ಎಂಬ ಲೆಕ್ಕದಲ್ಲಿ ನಮ್ಮವರು ಅಲ್ಲಿಗೆ ಸೀರೆ ಒಯ್ಯುತ್ತಾರೆ. ಮಗಳ ಮನೆಗೆ ಹೋಗುವಾಗ ಎತ್ತರ ಎಷ್ಟು ಮೀಟರು ಎಂದು ಯಾರು ಕೇಳುತ್ತಾರೆ? ಕಾಕಾ ಎಷ್ಟೋ ಸಲ ಹೋಗಿ ಬಂದರೂ ‘ನಾನು ಗುಡ್ಡ ಹತ್ತಿದೆ’ ಎಂದು ಒಮ್ಮೆಯೂ ಅಂದದ್ದಿಲ್ಲ. ‘ಮಲ್ಲಯ್ಯನ ಕಡೆ ಹೋಗಿದ್ನೆಪಾ’ ಅನ್ನುತ್ತಾರೆ, ಬಜಾರಿಗೆ ಹೋಗಿ ಬಂದವರ ದನಿಯಲ್ಲಿ.

ಎಳ್ಳಮಾಸಿಯ ಚರಗ ಚೆಲ್ಲಿ ಮುಗಿದ ವಾರ, ಬೆಳಗಿನ ರೈಲಿಗೆ ಹೆಗಡೆಯವರೂ ಸೇರಿ ಮೂವರು ಹತ್ತಿದೆವು. ನನ್ನ ಕಾಲಿಗೆ ಹೊಸ ಬೂಟು, ಬೆನ್ನಿಗೆ ಚೀಲ, ಚೀಲದಲ್ಲಿ ನೋವಿನ ಮುಲಾಮು, ಗ್ಲೂಕೋಸ್ ಪುಡಿ, ಹಗ್ಗ. ಹಗ್ಗ ಯಾಕೆಂದು ಹೆಗಡೆಯವರು ಕೇಳಲಿಲ್ಲ, ನೋಡಿದರು ಅಷ್ಟೇ. ಕಾಕಾನ ಕೈಯಲ್ಲಿ ಒಂದು ಗಂಟು: ಸಜ್ಜಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ತಮ್ಮದೇ ಪಡದ ಒಣದ್ರಾಕ್ಷಿ ಒಂದು ಪೊಟ್ಟಣ. ಕಾಲಿಗೆ ಹಳೆಯ ಕೊಲ್ಹಾಪುರಿ ಚಪ್ಪಲಿ.

ಆಲಮಟ್ಟಿ ಬಿಟ್ಟು ಕೃಷ್ಣಾ ಹೊಳೆ ಹಿಂದೆ ಬಿದ್ದ ಮೇಲೆ ನಿಧಾನವಾಗಿ ನೆಲದ ಬಣ್ಣ ಬದಲಾಗುತ್ತದೆ. ನಮ್ಮ ಕಡೆಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ. ಕಾವಲಿಯ ಮೇಲೆ ದೋಸೆ ಹಿಟ್ಟು ಹುಯ್ದ ಹಾಗೆ ಪದರದ ಮೇಲೆ ಪದರ ಹರವಿಕೊಂಡು ನಿಂತದ್ದು. ಹಾಗಾಗಿಯೇ ಅಷ್ಟು ಸಪಾಟ. ಬಾದಾಮಿಯದು ಅದಕ್ಕಿಂತ ಎಷ್ಟೋ ಪುರಾತನವಾದ ಕೆಂಪು ಮರಳುಗಲ್ಲು. ಗಾಳಿ ಮಳೆಗೆ ಕೊರೆದು, ಸೀಳಿ, ಗೋಡೆಗೋಡೆಯಾಗಿ ನಿಂತಿದೆ. ಗುಳೇದಗುಡ್ಡ ರೋಡ್ ಸ್ಟೇಷನ್ನು ದಾಟುವಾಗ ಹೆಗಡೆಯವರ ಮುಖ ಅರಳಿತು, ನನ್ನದು ಮುದುಡಿತು. ಸ್ಟೇಷನ್ನಿನಿಂದ ಊರು ನಾಲ್ಕೈದು ಕಿಲೋಮೀಟರು. ಅದನ್ನು ಟಂಟಂನಲ್ಲಿ ಮುಗಿಸಿದೆವು. “ಇದನ್ನೂ ನಡೀಬಹುದಿತ್ತು,” ಅಂದರು ಹೆಗಡೆ. ಯಾರೂ ಮಾತಾಡಲಿಲ್ಲ.

ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಮೇಲೆ ನೋಡಿದರೆ ಎರಡೂ ಕಡೆ ಬಂಡೆ, ಬಂಡೆಯ ತಲೆಯ ಮೇಲೆ ಕೋಟೆ. 543ರಲ್ಲಿ ಒಂದನೆಯ ಪುಲಕೇಶಿ ಇದನ್ನು ಕಟ್ಟಿಸಿ, ಮೇಲಿನಿಂದಲೂ ಕೆಳಗಿನಿಂದಲೂ ದುರ್ಗಮವಾದ ಕೋಟೆ ಎಂದು ಬಂಡೆಗಲ್ಲಿನ ಮೇಲೇ ಬರೆಸಿಟ್ಟಿದ್ದಾನೆ. ಅಂಥ ದೊರೆಯ ಮಾತನ್ನು ಸುಳ್ಳು ಮಾಡಲು ನಾವು ಮೂವರು ಹೊರಟಿದ್ದೆವು. ಮೊದಲ ಸೋಲು ಕೆಳಗೇ ಆಯಿತು. ಕಾಕಾ ಒಣದ್ರಾಕ್ಷಿಯ ಪೊಟ್ಟಣ ಬಿಚ್ಚಿದ್ದೇ ತಡ, ಗೋಡೆಯ ಮೇಲೆ ಧ್ಯಾನಕ್ಕೆ ಕೂತಂತಿದ್ದ ಒಂದು ಮಂಗ ಇಳಿದು ಬಂದು, ಪೊಟ್ಟಣವನ್ನು ಕೈಯಿಂದಲೇ ತೆಗೆದುಕೊಂಡಿತು. ಕಸಿದುಕೊಂಡಿತು ಎನ್ನಲಾರೆ, ಬಾಕಿ ವಸೂಲಿಗೆ ಬಂದವರ ಗಾಂಭೀರ್ಯ ಇತ್ತು. ಗೋಡೆ ಹತ್ತಿ ಒಂದೊಂದೇ ಹರಳು ಹೆಕ್ಕಿ, ಬೆಳಕಿಗೆ ಹಿಡಿದು ನೋಡಿ ಬಾಯಿಗೆ ಹಾಕಿಕೊಳ್ಳತೊಡಗಿತು. ಕಾಕಾ ಸಿಟ್ಟಾಗಲಿಲ್ಲ. “ನೋಡ್, ಮಾಲಿನ ಗುರುತು ಐತಿ ಅದಕ್ಕ. ಯಾಪಾರಿಗಿಂತ ಛಲೋ,” ಎಂದರು.

ಆಮೇಲೆ ಹತ್ತಿದೆವು.

ಬಯಲಿನವನಿಗೆ ಗುಡ್ಡದಲ್ಲಿ ಮೊದಲು ಸೋಲುವುದು ಕಾಲಲ್ಲ, ಎದೆಯಲ್ಲ, ಕಣ್ಣು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಕೆಳಗೆ ನಿಂತು ನೋಡಿದಾಗ ಒಂದು ತುದಿ ಕಾಣುತ್ತದೆ. ಅದೇ ಕೊನೆ ಎಂದುಕೊಂಡು ಅದಕ್ಕೆ ಬೇಕಾದಷ್ಟು ಉಸಿರು, ಅದಕ್ಕೆ ಬೇಕಾದಷ್ಟು ನೀರು, ಅದಕ್ಕೆ ಬೇಕಾದಷ್ಟು ಧೈರ್ಯ ತೆಗೆದಿಟ್ಟುಕೊಂಡು ಹತ್ತುತ್ತೇವೆ. ಹತ್ತಿ ನಿಂತರೆ ಅದರ ಹಿಂದೆ ಇನ್ನೊಂದು ತುದಿ, ತಣ್ಣಗೆ, ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ. ನಮ್ಮ ಎರಿ ಹೊಲ ಇಂಥ ಮೋಸ ಎಂದೂ ಮಾಡಿಲ್ಲ. ಅಲ್ಲಿ ಕಂಡದ್ದೇ ಇರುವುದು, ಇರುವುದೆಲ್ಲ ಕಾಣುವುದು. ಇಲ್ಲಿ ಎರಡನೆಯ ತುದಿಗೆ ನನ್ನ ಉಸಿರು, ಮೂರನೆಯ ತುದಿಗೆ ದೇವರ ಮೇಲಿನ ನಂಬಿಕೆ, ಎರಡೂ ಖರ್ಚಾದವು.

ಎದುರಿಗೆ ಆಡು ಕಾಯುವ ಒಬ್ಬ ಹುಡುಗ ಬಂದ.

“ತಮ್ಮಾ, ಮಹಾಕೂಟ ಎಷ್ಟ ದೂರ ಐತೋ?”

“ಇಲ್ಲೇ ಐತಿ, ಬರ್ರಿ.”

‘ಬರ್ರಿ’ ಅಂದವನು ಆ ಕಡೆ ಹೋದ. ಅರ್ಧ ತಾಸಾದ ಮೇಲೆ ಕಟಿಗೆ ಹೊರೆ ಹೊತ್ತ ಒಬ್ಬಾಕೆ ಸಿಕ್ಕಳು. “ಇಲ್ಲೇರಿ ಯಣ್ಣಾ, ಆ ಕಲ್ಲು ದಾಟಿದ್ರ ಆತು.” ಆ ಕಲ್ಲು ದಾಟಿದೆವು. ಅದರ ಹಾಗೆಯೇ ಇರುವ ಇನ್ನೊಂದು ಕಲ್ಲು ಬಂತು. ಗುಡ್ಡದ ಜನ ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುವುದಿಲ್ಲ. ದಿನಾ ನಡೆಯುವವರ ‘ಇಲ್ಲೇ’ ಬೇರೆ, ಕುರ್ಚಿಯ ಮೇಲೆ ಕೂತು ಸಂಬಳ ಎಣಿಸುವವರ ‘ಇಲ್ಲೇ’ ಬೇರೆ.

ಕಾಕಾ ಯಾರನ್ನೂ ಏನನ್ನೂ ಕೇಳಲಿಲ್ಲ. ಅವರ ನಡಿಗೆಯನ್ನು ನಾನು ಹಿಂದಿನಿಂದ ಬಹಳ ಹೊತ್ತು ನೋಡಿದೆ. ಹಿಂದೆ ಇದ್ದದ್ದರಿಂದ ನೋಡಲು ಬೇಕಾದಷ್ಟು ಸಮಯವಿತ್ತು. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು. ಕಣ್ಣು ಎರಡು ಹೆಜ್ಜೆ ಮುಂದಿನ ಕಲ್ಲಿನ ಮೇಲೆ. ಪೂರಾ ಪಾದ ಊರಿ, ಭಾರ ಬಿಟ್ಟು, ಆಮೇಲೆ ಇನ್ನೊಂದು. ನಾನು ನಾಲ್ಕು ಹೆಜ್ಜೆ ಓಡಿ, ನಿಂತು, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿ, ನಿಟ್ಟುಸಿರು ಬಿಡುತ್ತಿದ್ದೆ. ಅವರು ಓಡಲೂ ಇಲ್ಲ, ನಿಲ್ಲಲೂ ಇಲ್ಲ.

“ಮ್ಯಾಲ ನೋಡಬ್ಯಾಡ ತಮ್ಮಾ,” ಎಂದರು, ತಿರುಗದೆಯೇ. “ಭೀಮನ ಕೊಳ್ಳದಾಗ ಮ್ಯಾಲ ನೋಡಿದಾವ ಅಲ್ಲೇ ಕುಂತ. ಕೆಳಗ ನೋಡಿಕೋತ ಹೋದಾವ ಮಲ್ಲಯ್ಯನ ಕಂಡ.”

ಕೊನೆಗೂ ಏರು ಮುಗಿದು ಗುಡ್ಡದ ನೆತ್ತಿಗೆ ಬಂದರೆ, ಅಲ್ಲಿ ಏನಿತ್ತು ಅನ್ನುತ್ತೀರಿ? ಬಯಲು! ಸಪಾಟ ಬಂಡೆ, ಕುರುಚಲು ಗಿಡ, ಒಣಹುಲ್ಲು, ಆಚೆಗೆ ಆಕಾಶ. ಹೋದ ಜೀವ ಬಂದ ಹಾಗಾಯಿತು. ತವರಿಗೆ ಬಂದವನ ಗತ್ತಿನಲ್ಲಿ ಎಲ್ಲರಿಗಿಂತ ಮುಂದೆ ನಡೆದೆ. ಈಗ ಹಿಂದೆ ಬಿದ್ದವರು ಹೆಗಡೆಯವರು. ಮಲೆನಾಡಿನ ಗುಡ್ಡಕ್ಕೆ ತಲೆಯ ಮೇಲೆ ಮರವಿರುತ್ತದೆ, ಕಾಲ ಬುಡದಲ್ಲಿ ಝರಿ ಇರುತ್ತದೆ. ಇಲ್ಲಿ ಹನ್ನೊಂದು ಗಂಟೆಯ ಬಿಸಿಲು ಮೇಲಿನಿಂದ ಒಂದು ಸಲ, ಬಂಡೆಯಿಂದ ತಿರುಗಿ ಇನ್ನೊಂದು ಸಲ ಸುಡುತ್ತದೆ. ಚಳಿಗಾಲ ಎಂಬುದು ಕ್ಯಾಲೆಂಡರಿನಲ್ಲಿ ಮಾತ್ರ ಇತ್ತು. ಅವರು ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು, “ಈ ಗುಡ್ಡಕ್ಕೆ ಮರ ಎಲ್ಲಿ ಹೋದವು ಮಾರಾಯ್ರೆ?” ಎಂದರು. “ಇಲ್ಲೇ ಅದಾವು, ಬರ್ರಿ,” ಎಂದೆ. ಗುಡ್ಡದ ಭಾಷೆ ನನಗೆ ಅಷ್ಟು ಬೇಗ ಬಂದಿತ್ತು.

ಒಂದು ಬಂಡೆಯ ಸಂದಿನ ನೆರಳಲ್ಲಿ ಕೂತು ಗಂಟು ಬಿಚ್ಚಿದೆವು. ಸಜ್ಜಿರೊಟ್ಟಿಯ ಮೇಲಿನ ಎಳ್ಳು, ಗುರೆಳ್ಳು ಚಟ್ನಿಯ ಮೇಲೆ ಸುರಿದ ಕೆನೆಮೊಸರು. ಹಸಿವು ಎಂಬ ಪದಾರ್ಥ ಇಷ್ಟು ದಿನ ನನ್ನ ಮೈಯಲ್ಲಿ ಎಲ್ಲಿ ಅಡಗಿತ್ತೋ ತಿಳಿಯದು. ಆಫೀಸಿನ ಗಡಿಯಾರ ನೋಡಿ ಊಟ ಮಾಡುವವರಿಗೆ ಅದರ ಗುರುತೇ ಇರುವುದಿಲ್ಲ. ಖಾರ ಹೆಚ್ಚಾಯಿತೆಂದು ತಿಂಗಳುಗಟ್ಟಲೆ ದೂರುತ್ತಿದ್ದ ಹೆಗಡೆಯವರು ಮಾತಿಲ್ಲದೆ ನಾಲ್ಕನೆಯ ರೊಟ್ಟಿಗೆ ಕೈ ಹಾಕಿದರು. ಶುಗರಿನ ವಿಷಯ ನಾನೂ ಎತ್ತಲಿಲ್ಲ.

ಇಳಿಯುವುದು ಸುಲಭ ಎಂದು ಹೇಳುವವರನ್ನು ನಂಬಬೇಡಿ. ಹತ್ತುವಾಗ ಎದೆ ಗೋಳಾಡುತ್ತದೆ, ನಿಂತರೆ ಸುಮ್ಮನಾಗುತ್ತದೆ. ಇಳಿಯುವಾಗ ಮೊಣಕಾಲು ಅಳತೊಡಗಿದರೆ ನಿಂತರೂ ಬಿಡುವುದಿಲ್ಲ. ಕಲ್ಲು ಹಾಸಿದ ಹಾದಿ ಇತ್ತು, ನಿಜ. ಆ ಕಲ್ಲನ್ನು ನೂರಾರು ವರ್ಷ ಯಾತ್ರಿಕರ ಪಾದ ನುಣ್ಣಗೆ ಮಾಡಿಟ್ಟಿತ್ತು. ನಾನು ಕೆಲವು ಕಡೆ ನಡೆದು, ಕೆಲವು ಕಡೆ ಕೂತು, ಹೊಸ ಬೂಟಿಗಿಂತ ಹಳೆಯ ಪ್ಯಾಂಟಿನ ಮೇಲೆ ಹೆಚ್ಚು ಭಾರ ಹಾಕಿ ಇಳಿದೆ. ಕೆಳಗೆ ಬಂದರೆ ಹಳೆಯ ಬಾಗಿಲು, ಅದರ ಎರಡೂ ಪಕ್ಕಕ್ಕೆ ಎಲುಬಿನ ಹಂದರದಂಥ ಎರಡು ಶಿಲ್ಪ. ಕಾಲ ಮತ್ತು ಚಾಮುಂಡಿ ಎನ್ನುತ್ತಾರೆ. ಪಕ್ಕೆಲುಬು ಎಣಿಸಬಹುದು. ನನಗಂತೂ, ನಮ್ಮ ಹಾಗೆಯೇ ಬಾದಾಮಿಯಿಂದ ನಡೆದು ಬಂದು ಇಲ್ಲಿ ಕುಸಿದವರ ಹಾಗೆ ಕಂಡರು. ಕೈ ಮುಗಿದು ಒಳಗೆ ಹೋದೆ.

ಮಹಾಕೂಟದ ಪುಷ್ಕರಣಿ ಚಿಲುಮೆಯ ನೀರಿನದು. ನೀರೊಳಗೇ ನಾಲ್ಕು ಮುಖದ ಲಿಂಗದ ಪುಟ್ಟ ಮಂಟಪ ನಿಂತಿದೆ. ಕಾಕಾ ಮುಳುಗಿ ಎದ್ದರು. ಹೆಗಡೆಯವರು ಈಜಿದರು, ನೀರು ಕಂಡ ಮೇಲೆ ಅವರ ಮಲೆನಾಡು ಮರಳಿ ಬಂದಿತ್ತು. ನಾನು ಮೊಣಕಾಲಿನವರೆಗೆ ಕಾಲು ಇಳಿಬಿಟ್ಟುಕೊಂಡು ಕೂತೆ. ಮೀನುಗಳು ಬಂದು ಬೆರಳು ಮೂಸಿ ಹೋದವು.

ಪುಸ್ತಕದಲ್ಲಿ ಓದಿಕೊಂಡು ಬಂದಿದ್ದ ನಾನು, ಗುಡಿಯ ಬಳಿ ಕೂತಿದ್ದ ಒಬ್ಬ ಹಿರಿಯರನ್ನು ಕೇಳಿದೆ: “ಅಜ್ಜಾರ, ಮಂಗಲೇಶನ ಶಾಸನದ ಕಂಬ ಎಲ್ಲಿ ಐತ್ರಿ?” ಆರನೆಯ ಶತಮಾನದ ಕೊನೆಯ ಹೊತ್ತಿನ ಕಂಬ ಅದು. ಗಂಗೆಯ ದಂಡೆಯಲ್ಲಿ ಪರಾಕ್ರಮದ ಜಯಸ್ತಂಭ ನಿಲ್ಲಿಸುವ ಆಸೆಯಿದ್ದ ಚಾಲುಕ್ಯ ದೊರೆ, ಅದಕ್ಕೂ ಮೊದಲು ಧರ್ಮದ ಜಯಸ್ತಂಭವಾಗಲಿ ಎಂದು ಅದನ್ನು ಇಲ್ಲಿಯ ದೇವರ ಮುಂದೆ ನೆಟ್ಟ. ರಾಣಿ ದುರ್ಲಭದೇವಿ ದೇವರಿಗೆ ಕೊಟ್ಟ ಹತ್ತು ಹಳ್ಳಿಗಳ ದತ್ತಿಯೂ ಅದರಲ್ಲಿದೆ. ಅದನ್ನು ಕಣ್ಣಾರೆ ನೋಡಬೇಕೆಂಬುದೇ ಇಷ್ಟೆಲ್ಲ ಏದುಸಿರಿನ ನಡುವೆ ನಾನು ಉಳಿಸಿಕೊಂಡಿದ್ದ ಒಂದು ಆಸೆ.

ಹಿರಿಯರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಯಾವೂರ್ರಿ ನಿಮ್ಮದು?”

“ಬಿಜಾಪುರ.”

“ಕಂಬ ಅಲ್ಲೇ ಐತ್ರಿ. ನಿಮ್ಮ ಗೋಳಗುಮ್ಮಟದ ಮ್ಯೂಸಿಯಂದಾಗ.”

ಹೆಗಡೆಯವರು ನೀರಿನಲ್ಲಿ ನಿಂತೇ ನಕ್ಕರು. ಕಾಕಾ ಪಂಚೆಯಿಂದ ತಲೆ ಒರೆಸಿಕೊಳ್ಳುತ್ತ, “ಬಗಲಾಗ ಕೂಸು ಇಟ್ಟಕೊಂಡು ಊರೆಲ್ಲ ಹುಡುಕಿದ್ರಂತ,” ಎಂದಷ್ಟೇ ಅಂದು ದೇವರ ಕಡೆ ಹೋದರು. ತಾಲೀಮಿಗೆಂದು ನಾನು ಬೆಳಬೆಳಿಗ್ಗೆ ಹಾದುಹೋಗುತ್ತಿದ್ದ ನಗಾರಖಾನೆಯೇ ಆ ಮ್ಯೂಸಿಯಂ. ಒಂದು ದಿನವೂ ಒಳಗೆ ಇಣುಕಿರಲಿಲ್ಲ. ಮೆಟ್ಟಿಲ ಕಡೆಗೇ ಕಣ್ಣು.

ಗುಡ್ಡ ಹತ್ತುವ ಮನಸ್ಸಿರುವ ನಮ್ಮ ಕಡೆಯವರಿಗೆ ಎರಡು ಮಾತು. ಬಾದಾಮಿಯಿಂದ ಹೊರಡುವುದಾದರೆ ಬೆಳಕು ಹರಿಯುವ ಮುಂಚೆ ಹೊರಡಿ, ನೀರು ಎಷ್ಟು ಬೇಕೆನಿಸುತ್ತದೋ ಅದರ ಇಮ್ಮಡಿ ಒಯ್ಯಿರಿ, ಮಂಗನ ಮುಂದೆ ಒಣದ್ರಾಕ್ಷಿ ಬಿಚ್ಚಬೇಡಿ. ಮಂಗಲೇಶನ ಕಂಬವನ್ನು ಮಾತ್ರ ನೋಡಬೇಕಿದ್ದರೆ ಇಷ್ಟೆಲ್ಲ ಬೇಕಿಲ್ಲ. ವಿಜಯಪುರದಲ್ಲೇ, ಗೋಳಗುಮ್ಮಟದ ಎದುರಿಗೇ ಇದೆ. ಶುಕ್ರವಾರ ಮಾತ್ರ ಹೋಗಬೇಡಿ, ಅವತ್ತು ಮ್ಯೂಸಿಯಂಗೆ ರಜೆ.